ರೈಲು ನಿಲ್ಲದ ಊರು

ಪ್ಯಾಸೆಂಜರ್ ಗಾಡಿಯಲ್ಲಿ ಪ್ರಯಾಣ ಮಾಡಿದ ವಾಚಕರಿಗೆಲ್ಲ ಈ ಅನುಭವ ಒಮ್ಮೆಯಾದರೂ ಆಗಿರಲೇಬೇಕು. ಮಧ್ಯಾಹ್ನದ ಹೊತ್ತು. ಗಾಡಿ ಇದ್ದಕ್ಕಿದ್ದಂತೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಇಳಿಯುವವರಿಲ್ಲ, ಹತ್ತುವವರಿಲ್ಲ. ಎದುರು ಗಾಡಿಯ ಕ್ರಾಸಿಂಗ್ ಇರಬೇಕೆಂದು ಒಬ್ಬರು, ಕೈಮರ ಬಿದ್ದಿಲ್ಲವೆಂದು ಮತ್ತೊಬ್ಬರು ಅಭಿಪ್ರಾಯ ಕೊಡುತ್ತಾರೆ. ಆಮೇಲೆ ಅವರೂ ಸುಮ್ಮನಾಗುತ್ತಾರೆ. ಎದುರು ಬೆಂಚಿನ ಹಿರಿಯರು ಬಾಯಿ ತೆರೆದು ನಿದ್ರಿಸುತ್ತಿದ್ದಾರೆ. ಕಿಟಕಿಯ ಹೊರಗೆ ಹಳದಿ ಹಲಗೆಯ ಮೇಲೆ ಊರಿನ ಹೆಸರು. ನಾವು ಆ ಹೆಸರನ್ನು ಒಂದೆರಡು ಸಲ ಓದುತ್ತೇವೆ. ಊರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಗಾಡಿ ಕದಲುತ್ತದೆ. ಆ ಊರಿಗೂ ನಮಗೂ ಅಷ್ಟಕ್ಕೇ ಋಣ ತೀರಿತು.

ಹೀಗೆ ಒಂದು ನಿಮಿಷ ನಿಂತ ಗಾಡಿಯೊಂದರಿಂದ ಪ್ರಸಿದ್ಧವಾದ ಸ್ಟೇಷನ್ನಿನ ಕಥೆಯನ್ನು ಈ ವಾರ ಹೇಳಬೇಕೆಂದಿದ್ದೇನೆ. ಇದಕ್ಕೆ ಕಾರಣಳಾದವಳು ನನ್ನ ಮೊಮ್ಮಗಳು. ಅವಳ ಇಂಗ್ಲಿಷ್ ಪಾಠದಲ್ಲಿ ಹದಿನಾರು ಸಾಲುಗಳ ಒಂದು ಪುಟ್ಟ ಪದ್ಯವಿತ್ತು. ಅದರ ಹೆಸರು 'ಆಡಲ್‌ಸ್ಟ್ರಾಪ್'. ಕವಿ ಎಡ್ವರ್ಡ್ ಥಾಮಸ್. ಪದ್ಯ ಓದಿಸಿಕೊಂಡು, ಅರ್ಥ ಹೇಳಿಸಿಕೊಂಡ ಮೇಲೆ ಅವಳು ಕೇಳಿದಳು:

"ತಾತ, ಇದು ನಿಜವಾದ ಊರೋ, ಕವಿ ಕಟ್ಟಿದ್ದೋ?"

"ನಿಜವಾದ ಊರೇ ಮಗು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿದೆ."

ಈ ಕಾಲದ ಮಕ್ಕಳು ತಾತನ ಮಾತನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಕೈಯಲ್ಲಿದ್ದ ಫೋನಿನಲ್ಲಿ ಭೂಪಟ ತೆರೆದು, ಲಂಡನ್ನಿನಿಂದ ಅಲ್ಲಿಗೆ ರೈಲಿನಲ್ಲಿ ಹೋಗುವುದು ಹೇಗೆಂದು ಹುಡುಕಿದಳು. ಮುಖ ಸಪ್ಪಗಾಯಿತು. "ಕಿಂಗಮ್ ಅನ್ನೋ ಬೇರೆ ಊರಿನಲ್ಲಿ ಇಳಿಯಬೇಕಂತೆ ತಾತ. ಪದ್ಯದಲ್ಲಿ ರೈಲು ಇಲ್ಲೇ ನಿಂತಿತ್ತಲ್ಲ!"

ನಿಂತಿತ್ತು. ಈಗ ನಿಲ್ಲುವುದಿಲ್ಲ. ಕಥೆ ಇರುವುದು ಈ ಎರಡು ವಾಕ್ಯಗಳ ನಡುವೆ.

ಆಡಲ್‌ಸ್ಟ್ರಾಪ್ ಬಹಳ ಹಳೆಯ ಹಳ್ಳಿ. ಇಂಗ್ಲೆಂಡಿನ ಭೂಮಿಕಾಣಿಗಳನ್ನೆಲ್ಲ ಲೆಕ್ಕ ಹಾಕಿಸಿದ 1086ರ ಡೂಮ್ಸ್‌ಡೇ ದಾಖಲೆಯಲ್ಲಿಯೇ ಅದರ ಹೆಸರಿದೆ; ಆದರೆ ಅಲ್ಲಿ ಅದು 'ಟ'ಕಾರದಿಂದ ಆರಂಭವಾಗುತ್ತದೆ. ಟೇಟಲ್ ಎಂಬ ಯಾರೋ ಒಬ್ಬ ಹಳಬನ 'ಥಾರ್ಪ್', ಎಂದರೆ ಊರ ಹೊರಗಿನ ಬೇಸಾಯದ ಹಟ್ಟಿ. ಇಂಗ್ಲಿಷಿನಲ್ಲಿ 'ಅಲ್ಲಿ' ಎನ್ನುವುದಕ್ಕೆ ಹೆಸರಿನ ಹಿಂದೆ 'ಆಟ್' ಎಂಬ ಶಬ್ದ ಬರುತ್ತದಷ್ಟೆ. ಆ 'ಆಟ್'ನ ಟಕಾರವೂ ಹೆಸರಿನ ಟಕಾರವೂ ಜನರ ನಾಲಗೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು, ಕಾಲಕ್ರಮದಲ್ಲಿ ಹೆಸರಿನ ಪಾಲಿನದು ಕಳೆದುಹೋಯಿತು. ನಮ್ಮ ಹಳ್ಳಿಗಳ ಹೆಸರು ರೆವಿನ್ಯೂ ದಾಖಲೆಯಲ್ಲಿ ಒಂದು ರೀತಿ, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು ರೀತಿ ಇರುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ರೈಲು ಬರುವುದಕ್ಕೆ ಮುಂಚೆ ಈ ಹಳ್ಳಿಗೆ ಬಂದು ಹೋದವರಲ್ಲಿ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಒಬ್ಬಳು. ಅವಳ ತಾಯಿಯ ಬಳಗದ ಥಾಮಸ್ ಲೀ ಎಂಬ ಪಾದ್ರಿ ಇಲ್ಲಿದ್ದನು. ಆತ ತನ್ನ ತೋಟವನ್ನು ಹಂಫ್ರಿ ರೆಪ್ಟನ್ ಎಂಬ ಉದ್ಯಾನಶಿಲ್ಪಿಯಿಂದ ತಿದ್ದಿಸಿದ್ದನು. ಅದೇ ರೆಪ್ಟನ್ನನ ಹೆಸರೂ, ಅವನ ದಿನವೊಂದಕ್ಕೆ ಐದು ಗಿನಿಯ ಸಂಭಾವನೆಯೂ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿಯಲ್ಲಿ ಬರುತ್ತವೆ. ನೆಂಟರ ಮನೆಯ ಖರ್ಚುವೆಚ್ಚವನ್ನು ಕಾದಂಬರಿಗೆ ಸೇರಿಸುವ ಅಭ್ಯಾಸ ಲೇಖಕಿಯರಿಗೆ ಹೊಸದೇನೂ ಅಲ್ಲ!

ಇರಲಿ, ರೈಲಿಗೆ ಬರೋಣ. ಆಕ್ಸ್‌ಫರ್ಡ್, ವುಸ್ಟರ್, ವುಲ್ವರ್‌ಹ್ಯಾಂಪ್ಟನ್ ಎಂಬ ಮೂರು ಊರುಗಳನ್ನು ಕೂಡಿಸುವ ರೈಲ್ವೆ ಕಂಪನಿಯೊಂದಕ್ಕೆ 1845ರಲ್ಲಿ ಪಾರ್ಲಿಮೆಂಟಿನ ಅನುಮತಿ ದೊರೆಯಿತು. ಅದರ ಇಂಜಿನಿಯರು ಇಸಂಬಾರ್ಡ್ ಬ್ರೂನೆಲ್. ಸೇತುವೆ, ಸುರಂಗ, ಹಡಗು, ಯಾವುದನ್ನು ಮಾಡಿದರೂ ಇತರರು ಮಾಡಿದುದಕ್ಕಿಂತ ದೊಡ್ಡದಾಗಿ ಮಾಡಬೇಕೆಂಬ ಹಟದ ಮನುಷ್ಯ. ಉಳಿದವರೆಲ್ಲ ನಾಲ್ಕು ಅಡಿ ಎಂಟೂವರೆ ಅಂಗುಲದ ಅಂತರದಲ್ಲಿ ಕಂಬಿ ಹಾಸುತ್ತಿದ್ದರೆ ಈತ ಏಳು ಅಡಿಯ ಅಗಲದಲ್ಲಿ ಹಾಸುತ್ತಿದ್ದನು. ಈ ಹೊಸ ಮಾರ್ಗಕ್ಕೆ ಯಾವ ಅಳತೆ ಎಂಬುದರ ಮೇಲೆ ವರ್ಷಗಟ್ಟಲೆ ಜಗಳವಾಯಿತು. ಬ್ರೂನೆಲ್ಲನ ಅಗಲದ ಕಂಬಿ ಬೇಕೆಂದು ಕಾಯಿದೆಯ ಪ್ರಕಾರ ಬಹುಭಾಗದಲ್ಲಿ ಅದನ್ನೂ ಹಾಸಿದರು. ಆದರೆ ಅದರ ಮೇಲೆ ದಿನನಿತ್ಯದ ಗಾಡಿಗಳು ಎಂದೂ ಓಡಲಿಲ್ಲ. ಬ್ರಾಡ್‌ಗೇಜು, ಮೀಟರ್‌ಗೇಜುಗಳ ನಡುವೆ ನಡುರಾತ್ರಿಯಲ್ಲಿ ಗಾಡಿ ಬದಲಾಯಿಸಿ, ಹೋಲ್ಡಾಲು, ಟ್ರಂಕುಗಳನ್ನು ಕೂಲಿಯ ತಲೆಯ ಮೇಲೆ ಹೊರಿಸಿದ ನಮ್ಮ ಹಳೆಯ ತಲೆಮಾರಿನವರಿಗೆ ಗೇಜಿನ ಜಗಳ ಎಂದರೆ ಏನೆಂದು ವಿವರಿಸಿ ಹೇಳಬೇಕಾಗಿಲ್ಲ.

ಕಂಪನಿಗೆ ಹಣದ ಮುಗ್ಗಟ್ಟೂ ಇದ್ದಿತು. ಅದೇ ಮಾರ್ಗದಲ್ಲಿ ಮುಂದೆ ಕ್ಯಾಂಪ್ಡನ್ ಊರಿನ ಬಳಿ ಮಿಕಲ್ಟನ್ ಎಂಬಲ್ಲಿ ಸುರಂಗವೊಂದನ್ನು ಕೊರೆಯಬೇಕಾಗಿತ್ತು. ಕೆಲಸ ಹಿಡಿದಿದ್ದ ಮಾರ್ಚಂಟ್ ಎಂಬ ಕಂಟ್ರಾಕ್ಟರು ತನಗೆ ಬರಬೇಕಾದ ಬಾಕಿ ಬಂದಿಲ್ಲವೆಂದು 1851ರಲ್ಲಿ ಕೆಲಸ ನಿಲ್ಲಿಸಿ, ಸುರಂಗದ ಬಾಯಲ್ಲಿ ತನ್ನ ಆಳುಗಳನ್ನು ಕಾವಲಿಟ್ಟನು. ಬ್ರೂನೆಲ್ ಏನು ಮಾಡಿದನು? ನ್ಯಾಯಸ್ಥಾನಕ್ಕೆ ಹೋಗಲಿಲ್ಲ. ಮಣ್ಣು ಅಗೆಯುವ ತನ್ನ ಆಳುಗಳ ದಂಡನ್ನೇ ಕೂಡಿಸಿಕೊಂಡು, ಜುಲೈ ತಿಂಗಳಿನಲ್ಲಿ ಸುರಂಗದ ಮೇಲೆ ದಾಳಿ ನಡೆಸಿದನು. ಮ್ಯಾಜಿಸ್ಟ್ರೇಟರು ಬಂದು ದೊಂಬಿಯ ಕಾಯಿದೆಯನ್ನು ಗಟ್ಟಿಯಾಗಿ ಓದಿ ಎರಡು ಪಕ್ಷದವರನ್ನೂ ಚದುರಿಸಿದರು. ಬ್ರೂನೆಲ್ ಹಿಂದೆಗೆದಂತೆ ಮಾಡಿ, ಮಾರ್ಗದ ಉದ್ದಕ್ಕೂ ಕೆಲಸಕ್ಕಿದ್ದ ಆಳುಗಳನ್ನೆಲ್ಲ ರಾತ್ರೋರಾತ್ರಿ ನಡೆಸಿಕೊಂಡು ಬಂದನು. ಎರಡು ಸಾವಿರಕ್ಕೂ ಮೇಲ್ಪಟ್ಟ ಜನ. ಹಾರೆ, ಗುದ್ದಲಿಗಳೇ ಆಯುಧ. ಕೆಲವರ ಕೈಕಾಲು ಮುರಿದವು, ತಲೆಗಳು ಒಡೆದವು. ಕಡೆಗೆ ಮಾರ್ಚಂಟ್ ಸೋಲೊಪ್ಪಿ, ಪಂಚಾಯಿತಿಗೆ ಒಡಂಬಟ್ಟನು. ಇಂಗ್ಲೆಂಡಿನ ನೆಲದಲ್ಲಿ ಖಾಸಗಿ ಸೈನ್ಯಗಳೆರಡು ಎದುರುಬದುರು ನಿಂತು ಸೆಣಸಿದ ಕಡೆಯ ಕಾಳಗವೆಂದು ಇದನ್ನು ಕರೆಯುವುದುಂಟು. ಇಷ್ಟು ಸದ್ದುಗದ್ದಲದಿಂದ ಹುಟ್ಟಿದ ಮಾರ್ಗವೇ ಮುಂದೆ ಇಂಗ್ಲಿಷ್ ಕಾವ್ಯದಲ್ಲಿ ನಿಶ್ಶಬ್ದಕ್ಕಾಗಿ ಹೆಸರಾದುದು ತಮಾಷೆಯಲ್ಲವೆ?

ಕಂಪನಿಯ ಹೆಸರಿನ ಮೊದಲಕ್ಷರಗಳು ಓ, ಡಬ್ಲ್ಯೂ, ಡಬ್ಲ್ಯೂ. ಅದರ ಗಾಡಿಗಳ ವೇಗವನ್ನೂ ನಿಯಮಪಾಲನೆಯನ್ನೂ ಕಂಡ ಪ್ರಯಾಣಿಕರು ಆ ಅಕ್ಷರಗಳನ್ನು 'ಓಲ್ಡ್ ವರ್ಸ್ ಅಂಡ್ ವರ್ಸ್' ಎಂದು ಬಿಡಿಸಿದರು. 'ಮುದಿ ಗಾಡಿ, ದಿನದಿನಕ್ಕೂ ಹೀನ' ಎಂದು ತಾತ್ಪರ್ಯ.

ಅಂತೂ 1853ನೆಯ ಇಸವಿ ಜೂನ್ 4ರಂದು ಈ ಭಾಗದ ಮಾರ್ಗ ಸಂಚಾರಕ್ಕೆ ತೆರೆಯಿತು. ನಮ್ಮ ಬೊಂಬಾಯಿ-ಠಾಣೆಗಳ ನಡುವೆ ಮೊದಲ ಪ್ರಯಾಣಿಕರ ಗಾಡಿ ಓಡಿದುದು ಅದೇ ವರ್ಷದ ಏಪ್ರಿಲ್ 16ರಂದು. ಎಂದರೆ ಈ ಹಳ್ಳಿಯ ಸ್ಟೇಷನ್ನು ನಮ್ಮ ದೇಶದ ರೈಲ್ವೆಗಿಂತ ಏಳು ವಾರ ಕಿರಿಯದು. ಮೊದಲು ಅದಕ್ಕೆ ಇಟ್ಟ ಹೆಸರು 'ಆಡಲ್‌ಸ್ಟ್ರಾಪ್ ಅಂಡ್ ಸ್ಟೋ ರೋಡ್'. ಸ್ಟೋ ಎಂಬುದು ಅಲ್ಲಿಂದ ಸುಮಾರು ಮೂರು ಮೈಲಿ ದೂರದ ಪೇಟೆ. ಸ್ಟೇಷನ್ನಿನ ಹೆಸರಿನಲ್ಲಿ 'ರೋಡ್' ಎಂದು ಕಂಡರೆ ಊರು ಹತ್ತಿರದಲ್ಲಿಲ್ಲ, ಮುಂದೆ ರಸ್ತೆ ಹಿಡಿಯಬೇಕು ಎಂದು ಅರ್ಥ. ಈ ಪದ್ಧತಿ ನಮ್ಮಲ್ಲಿಗೂ ಬಂದಿದೆ. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದು ದೇವಸ್ಥಾನದ ಗೋಪುರವನ್ನು ಹುಡುಕಿದವರೂ, ಮಂತ್ರಾಲಯಂ ರೋಡಿನಲ್ಲಿ ಇಳಿದು ಬೃಂದಾವನ ಇಲ್ಲೇ ಇರಬೇಕೆಂದು ಮಡಿ ಪಂಚೆ ತೆಗೆದವರೂ ನಮ್ಮ ವಾಚಕರಲ್ಲಿ ಇದ್ದಾರು. 1862ರಲ್ಲಿ ಸ್ಟೋ ಪೇಟೆಗೆ ಬೇರೆ ಮಾರ್ಗದಲ್ಲಿ ಅದರದೇ ಸ್ಟೇಷನ್ನು ಆಯಿತು. ಹಾಗಾಗಿ ಇಲ್ಲಿಯ ಹಲಗೆಯಿಂದ ಸ್ಟೋ ಹೆಸರನ್ನು ತೆಗೆದರು. 1863ರಲ್ಲಿ ಗ್ರೇಟ್ ವೆಸ್ಟರ್ನ್ ಎಂಬ ದೊಡ್ಡ ಕಂಪನಿ ಈ ಮಾರ್ಗವನ್ನು ತನ್ನದಾಗಿ ಮಾಡಿಕೊಂಡಿತು. 1883ರಲ್ಲಿ ಹಲಗೆಯ ಮೇಲಿದ್ದ ಎರಡು 'ಡ'ಕಾರಗಳಲ್ಲಿ ಒಂದನ್ನು ಅಳಿಸಿ ಕಾಗುಣಿತವನ್ನು ತಿದ್ದಿದರು. ಮೂವತ್ತು ವರ್ಷಗಳಲ್ಲಿ ಆ ಸ್ಟೇಷನ್ನಿನ ಇತಿಹಾಸದಲ್ಲಿ ನಡೆದ ಮಹತ್ತರ ಘಟನೆಗಳು ಇವೇ. ಹಾಲಿನ ಪಾತ್ರೆಗಳು ಹೋದವು, ಕಲ್ಲಿದ್ದಲು ಬಂದಿತು, ಹಳ್ಳಿಯ ಜನ ಪೇಟೆಗೆ ಹೋಗಿ ಬಂದರು. ಇಂಥ ಸ್ಟೇಷನ್ನುಗಳು ಆ ದೇಶದಲ್ಲಿ ಸಾವಿರಾರು ಇದ್ದವು.

ಹೀಗಿರಲು 1914ರ ಜೂನ್ 24ನೆಯ ತಾರೀಖು, ಒಳ್ಳೆಯ ಬೇಸಿಗೆಯ ದಿನ, ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಬೆಳಗ್ಗೆ 10 ಗಂಟೆ 20 ನಿಮಿಷಕ್ಕೆ ಹೊರಟ ಗಾಡಿಯಲ್ಲಿ ಎಡ್ವರ್ಡ್ ಥಾಮಸ್ ತನ್ನ ಪತ್ನಿ ಹೆಲೆನ್ನಳೊಡನೆ ಕುಳಿತಿದ್ದನು. ಆಗ ಅವನಿಗೆ ಮೂವತ್ತಾರು ವರ್ಷ. ಮೂವರು ಮಕ್ಕಳು. ಪುಸ್ತಕ ವಿಮರ್ಶೆ, ಪ್ರವಾಸಕಥನ, ಜೀವನಚರಿತ್ರೆ, ಪ್ರಕಾಶಕರು ಏನು ಕೇಳಿದರೆ ಅದು: ಹೀಗೆ ಲೇಖನಿಯಿಂದಲೇ ಸಂಸಾರ ತೂಗಿಸುತ್ತಿದ್ದವನು. ಅದರ ದಣಿವೂ ಮನಸ್ಸಿನ ಖಿನ್ನತೆಯೂ ಅವನನ್ನು ಹಣ್ಣು ಮಾಡಿದ್ದವು. ಅಷ್ಟರವರೆಗೆ ಅವನು ಕವಿಯೆಂದು ಹೇಳಿಕೊಳ್ಳುವಂಥ ಒಂದು ಪದ್ಯವನ್ನೂ ಬರೆದಿರಲಿಲ್ಲ. ಹೊರಟಿದ್ದುದು ಗೆಳೆಯನೊಬ್ಬನನ್ನು ಕಾಣಲು. ಗೆಳೆಯ ಎಂದರೆ ಅಮೆರಿಕದಿಂದ ಬಂದು ಲೆಡ್‌ಬರಿಯ ಹತ್ತಿರ ಹಳ್ಳಿಯ ಮನೆಯೊಂದರಲ್ಲಿ ಬಾಡಿಗೆಗಿದ್ದ ರಾಬರ್ಟ್ ಫ್ರಾಸ್ಟ್. 'ನಿನ್ನ ಗದ್ಯದಲ್ಲೇ ಪದ್ಯ ಅಡಗಿದೆ, ಅದನ್ನು ಹೊರಗೆ ತೆಗೆ' ಎಂಬ ಅರ್ಥದಲ್ಲಿ ಫ್ರಾಸ್ಟ್ ಅವನನ್ನು ಹುರಿದುಂಬಿಸುತ್ತಿದ್ದ ಕಾಲ ಅದು.

ಥಾಮಸ್ ಎಲ್ಲಿ ಹೋದರೂ ಜೇಬಿನಲ್ಲಿ ಟಿಪ್ಪಣಿ ಪುಸ್ತಕವೊಂದನ್ನು ಇಟ್ಟುಕೊಂಡಿರುತ್ತಿದ್ದನು. ಅಂದಿನ ಟಿಪ್ಪಣಿ ಉಳಿದುಬಂದಿದೆ. ಮಧ್ಯಾಹ್ನ ಮುಕ್ಕಾಲು ಗಂಟೆಯ ಸುಮಾರಿಗೆ ಗಾಡಿ ಆಡಲ್‌ಸ್ಟ್ರಾಪಿನಲ್ಲಿ ನಿಂತಿತೆಂದೂ, ನೀರುಹಬ್ಬೆಯಂಥ ವಿಲೋ ಮರಗಳ ನಡುವಿನಿಂದ ಬ್ಲ್ಯಾಕ್‌ಬರ್ಡ್ ಎಂಬ ಕರಿಯ ಹಾಡುಹಕ್ಕಿಗಳ ಸರಣಿ ಕೇಳಿಸಿತೆಂದೂ, ಮನುಷ್ಯರು ಯಾರೂ ಕಾಣಲಿಲ್ಲವೆಂದೂ, ಇಂಜಿನ್ನು ಉಗಿ ಬಿಡುವ ಸದ್ದಷ್ಟೇ ಇದ್ದಿತೆಂದೂ ಬರೆದುಕೊಂಡಿದ್ದಾನೆ. ಗಾಡಿ ಮುಂದೆ ಕ್ಯಾಂಪ್ಡನ್ನಿನ ಹೊರಗೆ ಇನ್ನೊಮ್ಮೆ ನಿಂತಿತು. ಉದ್ದ ಹುಲ್ಲು, ಹೂಗಿಡಗಳು, ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡದ್ದು, ಆಮೇಲಿನ ನೀರವತೆ, ಇವೆಲ್ಲ ಆ ಎರಡನೆಯ ನಿಲುಗಡೆಯ ಟಿಪ್ಪಣಿಯಲ್ಲಿವೆ.

ಪದ್ಯದಲ್ಲಿ ಎರಡು ನಿಲುಗಡೆಗಳೂ ಸೇರಿ ಒಂದಾಗಿವೆ. ಅಷ್ಟೇ ಅಲ್ಲ, ಎಕ್ಸ್‌ಪ್ರೆಸ್ ಗಾಡಿ ಅಲ್ಲಿ ಅನಿರೀಕ್ಷಿತವಾಗಿ ನಿಂತಿತೆಂದು ಕವಿ ಹೇಳುತ್ತಾನೆ. ಅಂದಿನ ವೇಳಾಪಟ್ಟಿಯನ್ನು ತೆಗೆದು ನೋಡಿದವರು, ಆ ಗಾಡಿ ಆಡಲ್‌ಸ್ಟ್ರಾಪಿನಲ್ಲಿ ನಿಲ್ಲಬೇಕಾದದ್ದೇ ಎಂದು ಕಂಡುಕೊಂಡಿದ್ದಾರೆ. ಕೆಲವು ವಿದ್ವಾಂಸರು ಇದನ್ನು ಕವಿಯ ತಪ್ಪು ಎಂಬಂತೆ ಎತ್ತಿ ಹೇಳುತ್ತಾರೆ. ನನಗಂತೂ ಇದು ತಪ್ಪೆಂದು ತೋರುವುದಿಲ್ಲ. ವೇಳಾಪಟ್ಟಿಯಲ್ಲಿ ಇದ್ದರೂ, ಇಲ್ಲಿ ಏಕೆ ನಿಂತಿತಪ್ಪ ಎಂದು ಪ್ರಯಾಣಿಕನಿಗೆ ಅನ್ನಿಸಿದರೆ ಅವನ ಪಾಲಿಗೆ ಅದು ಅನಿರೀಕ್ಷಿತವೇ ಸರಿ. ವೇಳಾಪಟ್ಟಿಯನ್ನು ಕಂಠಪಾಠ ಮಾಡಿ ಗಾಡಿ ಹತ್ತುವವರು ಪದ್ಯ ಬರೆಯುವುದಿಲ್ಲ.

ಅದು ನಡೆದ ನಾಲ್ಕನೆಯ ದಿನ, ಜೂನ್ 28ರಂದು, ಸರಾಯೆವೋ ನಗರದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಯಿತು. ಆಗಸ್ಟ್ 4ರಂದು ಇಂಗ್ಲೆಂಡ್ ಯುದ್ಧಕ್ಕೆ ಇಳಿಯಿತು. ಪುಸ್ತಕ ವಿಮರ್ಶೆಯ ಕೆಲಸ ತೀರ ಕಡಿಮೆಯಾಯಿತು. ಡಿಸೆಂಬರಿನಲ್ಲಿ ಥಾಮಸ್ ಪದ್ಯ ಬರೆಯಲು ತೊಡಗಿದನು. ಒಮ್ಮೆ ಕಟ್ಟೆ ಒಡೆದ ಮೇಲೆ ದಿನಕ್ಕೊಂದರಂತೆ ಹರಿದುಬಂದವು. 1915ರ ಜನವರಿಯಲ್ಲಿ ಕಾಲು ಉಳುಕಿ ಮನೆಯಲ್ಲಿ ಬಿದ್ದಿದ್ದಾಗ, 8ನೆಯ ತಾರೀಖು, ಹಿಂದಿನ ಬೇಸಿಗೆಯ ಆ ಒಂದು ನಿಮಿಷವನ್ನು ನೆನೆದು 'ಆಡಲ್‌ಸ್ಟ್ರಾಪ್' ಬರೆದನು. ನಡೆಯಲಾರದೆ ಕುಳಿತವನಿಗೆ ನಿಂತ ಗಾಡಿಯ ನೆನಪು ಬಂದಿತು.

ಪದ್ಯದಲ್ಲಿ ಯುದ್ಧದ ಸೊಲ್ಲೇ ಇಲ್ಲ. ಒಂದು ಹೆಸರು, ಬರಿದಾದ ಪ್ಲಾಟ್‌ಫಾರಂ, ಹುಲ್ಲಿನ ಬಣವೆ, ಮೋಡ, ಒಂದು ಹಕ್ಕಿ. ಆ ಹಕ್ಕಿಯ ಹಿಂದೆ ಮಸುಕಾಗಿ ಎರಡು ಜಿಲ್ಲೆಗಳ ಹಕ್ಕಿಗಳೆಲ್ಲ. ಆಡಲ್‌ಸ್ಟ್ರಾಪ್ ಇರುವುದು ಗ್ಲಾಸ್ಟರ್‌ಷೈರ್, ಆಕ್ಸ್‌ಫರ್ಡ್‌ಷೈರ್‌ಗಳ ಗಡಿಯ ಬಳಿ. ಆದುದರಿಂದ ಎರಡು ಜಿಲ್ಲೆಯ ಲೆಕ್ಕ ಸರಿಯಾಗಿಯೇ ಇದೆ. ಓದುವವರಿಗೆ ಮಾತ್ರ ಬರೆದವನ ಮುಂದಿನ ಕಥೆ ಗೊತ್ತಿದೆ. ಮಕ್ಕಳೊಂದಿಗನಾದ ಗೃಹಸ್ಥ, ಸೈನ್ಯಕ್ಕೆ ಸೇರಲೇಬೇಕೆಂದು ಯಾರೂ ಅವನನ್ನು ಒತ್ತಾಯಿಸುವಂತಿರಲಿಲ್ಲ. ಅಮೆರಿಕಕ್ಕೆ ಬಂದುಬಿಡೆಂದು ಫ್ರಾಸ್ಟ್ ಕರೆದಿದ್ದನು. ಇಬ್ಬರೂ ಸೇರಿ ತಿರುಗಾಡುವಾಗ ಯಾವ ದಾರಿ ಹಿಡಿದರೂ ಇನ್ನೊಂದು ದಾರಿಯಲ್ಲಿ ಹೋಗಬೇಕಾಗಿತ್ತೆಂದು ಪೇಚಾಡುವುದು ಥಾಮಸನ ಸ್ವಭಾವ. ಅದನ್ನೇ ಗೇಲಿ ಮಾಡಿ ಫ್ರಾಸ್ಟ್ ಬರೆದುದು 'ದಿ ರೋಡ್ ನಾಟ್ ಟೇಕನ್' ಎಂಬ, ನಮ್ಮ ಮಕ್ಕಳಿಗೂ ಪಾಠವಾಗಿರುವ ಪದ್ಯ. 1915ರ ಜುಲೈನಲ್ಲಿ ಥಾಮಸ್ ತಾನಾಗಿ ಸೈನ್ಯಕ್ಕೆ ಸೇರಿದನು. ಆಮೇಲೆ ಫಿರಂಗಿ ದಳದಲ್ಲಿ ಅಧಿಕಾರಿಯಾಗಿ, ತಾನೇ ಕೇಳಿಕೊಂಡು, 1917ರ ಜನವರಿಯಲ್ಲಿ ಫ್ರಾನ್ಸಿಗೆ ಹೋದನು. ಏಪ್ರಿಲ್ 9ನೆಯ ತಾರೀಖು, ಈಸ್ಟರ್ ಸೋಮವಾರ, ಆರಾಸ್ ಕದನದ ಮೊದಲ ದಿನವೇ ಮಡಿದನು. ಮೂವತ್ತೊಂಬತ್ತು ವರ್ಷ. 'ಆಡಲ್‌ಸ್ಟ್ರಾಪ್' ಪತ್ರಿಕೆಯೊಂದರಲ್ಲಿ ಅಚ್ಚಾದುದು ಅದೇ ತಿಂಗಳ 28ರಂದು. ತನ್ನ ಪದ್ಯಗಳಲ್ಲಿ ಅತ್ಯಂತ ಜನಪ್ರಿಯವಾದುದನ್ನು ಅಚ್ಚಿನಲ್ಲಿ ನೋಡುವ ಭಾಗ್ಯ ಅವನಿಗೆ ಇರಲಿಲ್ಲ. ಎರಡೇ ವರ್ಷಗಳಲ್ಲಿ ಅವನು ಬರೆದ ಪದ್ಯಗಳು ಸುಮಾರು ನೂರನಲವತ್ತು.

ಸ್ಟೇಷನ್ನಿಗೆ ಇದೊಂದೂ ಗೊತ್ತಿರಲಿಲ್ಲ. ಹಾಲಿನ ಪಾತ್ರೆಗಳು ಹೋಗುತ್ತಲೇ ಇದ್ದವು. ಎರಡನೆಯ ಮಹಾಯುದ್ಧವೂ ಬಂದು ಹೋಯಿತು. 1948ರ ಜನವರಿ 1ರಂದು ಬ್ರಿಟನ್ನಿನ ರೈಲ್ವೆಗಳೆಲ್ಲ ಸರ್ಕಾರದ ಸ್ವತ್ತಾದವು. ಅಷ್ಟರಲ್ಲಿ ಜನರಿಗೆ ಬಸ್ಸು, ಲಾರಿ, ಸ್ವಂತ ಮೋಟಾರುಗಳ ರುಚಿ ಹತ್ತಿತ್ತು. 1962ರಲ್ಲಿ ಬ್ರಿಟಿಷ್ ರೈಲ್ವೆಯ ನಷ್ಟ ಹತ್ತು ಕೋಟಿ ಪೌಂಡನ್ನು ಮೀರಿತು. ಈ ರೋಗಕ್ಕೆ ಮದ್ದು ಅರೆಯಲೆಂದು ಸರ್ಕಾರ 1961ರಲ್ಲಿ ಡಾಕ್ಟರ್ ರಿಚರ್ಡ್ ಬೀಚಿಂಗ್ ಎಂಬುವನನ್ನು ಕರೆತಂದಿತ್ತು. ಆತ ವೈದ್ಯನಲ್ಲ, ಭೌತಶಾಸ್ತ್ರದಲ್ಲಿ ಡಾಕ್ಟರು, ಒಂದು ದೊಡ್ಡ ರಾಸಾಯನಿಕ ಕಂಪನಿಯ ಡೈರೆಕ್ಟರು. ವರ್ಷಕ್ಕೆ 24,000 ಪೌಂಡು ಸಂಬಳ. ಪ್ರಧಾನಮಂತ್ರಿಯ ಸಂಬಳಕ್ಕಿಂತ ಎರಡು ಪಟ್ಟಿಗೂ ಹೆಚ್ಚು! ಇದರ ಬಗ್ಗೆ ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತೆಂದು ಬೇರೆ ಹೇಳಬೇಕೆ?

ಬೀಚಿಂಗನ ವರದಿ 1963ರ ಮಾರ್ಚ್ 27ರಂದು ಪ್ರಕಟವಾಯಿತು. ಸ್ಟೇಷನ್ನುಗಳಲ್ಲಿ ಅರ್ಧದಷ್ಟು ಸೇರಿ ತರುವ ವರಮಾನ ಒಟ್ಟಿನಲ್ಲಿ ನೂರಕ್ಕೆ ಎರಡು ಪಾಲು. ಮಾರ್ಗಗಳಲ್ಲಿ ಮೂರನೆಯ ಒಂದು ಭಾಗದ ಮೇಲೆ ಸಾಗುವ ಪ್ರಯಾಣ ನೂರಕ್ಕೆ ಒಂದು ಪಾಲು. ಆದುದರಿಂದ ಏಳು ಸಾವಿರ ಚಿಲ್ಲರೆ ಸ್ಟೇಷನ್ನುಗಳಲ್ಲಿ 2,363ನ್ನೂ, ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕು. ವರದಿಯ ತಿರುಳು ಇಷ್ಟು. ಅಂಕಿಗಳು ಸುಳ್ಳಲ್ಲ. ಆದರೆ ಅವನ್ನು ಕಲೆಹಾಕಿದುದು 1961ರ ಏಪ್ರಿಲ್ ತಿಂಗಳಿನ ಒಂದೇ ಒಂದು ವಾರದಲ್ಲಿ. ಏಪ್ರಿಲ್ ವಾರದ ಲೆಕ್ಕದಲ್ಲಿ ಬೇಸಿಗೆಯ ಜನ ಸೇರುವುದಿಲ್ಲ. ಅಲ್ಲದೆ, ಸಣ್ಣ ಸ್ಟೇಷನ್ನಿನಲ್ಲಿ ಹತ್ತಿದವನು ದೊಡ್ಡ ಸ್ಟೇಷನ್ನಿನಲ್ಲಿ ಇಳಿದು ಮುಂದೆ ಇನ್ನೂರು ಮೈಲಿ ಹೋಗುತ್ತಾನೆ. ಸಣ್ಣದನ್ನು ಮುಚ್ಚಿದರೆ ಅವನು ಮನೆಯ ಮುಂದೆಯೇ ಮೋಟಾರು ಹತ್ತಿ, ದೊಡ್ಡ ಗಾಡಿಗೂ ಶರಣು ಹೊಡೆಯುತ್ತಾನೆ. ಕೂಡುಕುಟುಂಬದಲ್ಲಿ ಅಜ್ಜಿಯ ವರಮಾನ ಎಷ್ಟು ಎಂದು ಲೆಕ್ಕ ಹಾಕಿದ ಹಾಗಾಯಿತು ಇದು. ಬೀಚಿಂಗನನ್ನು ಕಟುಕ ಎಂದು ಬೈಯುವ ಬಳಗಕ್ಕೆ ನಾನು ಸೇರಿದವನಲ್ಲ. ಅಷ್ಟು ನಷ್ಟವನ್ನು ಯಾರಾದರೂ ತಡೆಯಲೇಬೇಕಾಗಿತ್ತು. ಸರಕು ಸಾಗಣೆಯ ಬಗ್ಗೆ ಅವನು ಹೇಳಿದ ಮಾತುಗಳು ಉಪಯುಕ್ತವಾದವು. ಆದರೂ ಒಂದು ವಾರದ ಎಣಿಕೆಯಿಂದ ನೂರು ವರ್ಷದ ಸ್ಟೇಷನ್ನಿನ ಹಣೆಬರಹ ಬರೆದುದನ್ನು ಒಪ್ಪಲು ಮನಸ್ಸು ಬಾರದು.

ಆ ವರ್ಷವೇ ಫ್ಲಾಂಡರ್ಸ್ ಮತ್ತು ಸ್ವಾನ್ ಎಂಬ ಜೋಡಿ ಗಾಯಕರು 'ಸ್ಲೋ ಟ್ರೇನ್' ಎಂಬ ಹಾಡು ಕಟ್ಟಿದರು. ಹಾಡಿನಲ್ಲಿ ಬಹುಪಾಲು ಮುಚ್ಚಲಿರುವ ಸ್ಟೇಷನ್ನುಗಳ ಹೆಸರುಗಳೇ. ನಗಿಸುವುದಕ್ಕೆ ಹೆಸರಾಗಿದ್ದ ಜೋಡಿ ಅದು. ಈ ಹಾಡಿನಲ್ಲಿ ಮಾತ್ರ ನಗೆ ಇಲ್ಲ.

ಆಡಲ್‌ಸ್ಟ್ರಾಪ್ ಸ್ಟೇಷನ್ನನ್ನು 1966ರ ಜನವರಿ 3ನೆಯ ತಾರೀಖು ಸೋಮವಾರದಿಂದ ಮುಚ್ಚಿದರು. ಥಾಮಸನ ಗಾಡಿ ಅಂದು ಎರಡನೆಯ ಸಲ ನಿಂತಿತ್ತಲ್ಲ, ಆ ಕ್ಯಾಂಪ್ಡನ್ನಿನ ಸ್ಟೇಷನ್ನನ್ನು ಮುಚ್ಚಿದುದೂ ಅದೇ ದಿನವೇ. ಪದ್ಯದಲ್ಲಿ ಒಂದಾದವು ಸರ್ಕಾರಿ ಆಜ್ಞೆಯಲ್ಲಿಯೂ ಒಂದಾದವು. ಸ್ಟೋ ಪೇಟೆಯ ಸ್ಟೇಷನ್ನು 1962ರಲ್ಲಿಯೇ ಪ್ರಯಾಣಿಕರ ಪಾಲಿಗೆ ಇಲ್ಲವಾಗಿತ್ತು. ವಿಚಿತ್ರವೆಂದರೆ, ಇದೇ ಮಾರ್ಗದಲ್ಲಿ ಕೋಂಬ್, ಫಿನ್‌ಸ್ಟಾಕ್ ಎಂಬ, ಇದಕ್ಕಿಂತ ಎಷ್ಟೋ ಕಿರಿದಾದ, 1930ರ ದಶಕದಲ್ಲಿ ಹುಟ್ಟಿದ ಎರಡು ನಿಲುಗಡೆಗಳು ಆ ಕತ್ತರಿಯಿಂದ ತಪ್ಪಿಸಿಕೊಂಡವು.

ಮಾರ್ಗವನ್ನೇ ಮುಚ್ಚಿದ್ದರೆ ಸ್ಟೇಷನ್ನು ಸತ್ತಿತೆಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಮಾರ್ಗ ಬದುಕಿದೆ. ಖರ್ಚು ಉಳಿಸಲೆಂದು 1971ರಲ್ಲಿ ಅದರ ಕೆಲವು ಭಾಗಗಳಲ್ಲಿ ಜೋಡಿ ಕಂಬಿಯನ್ನು ಕಿತ್ತು ಒಂಟಿ ಮಾಡಿದರು. ಪ್ರಯಾಣಿಕರು ಮತ್ತೆ ಹೆಚ್ಚಿದಾಗ, 2011ರಲ್ಲಿ, ಅದರಲ್ಲಿ ಒಂದಷ್ಟು ಭಾಗಕ್ಕೆ ಎರಡನೆಯ ಕಂಬಿಯನ್ನು ಮರಳಿ ಹಾಸಿದರು. ಇದಕ್ಕೆ ಈಗ 'ಕಾಟ್ಸ್‌ವೋಲ್ಡ್ ಲೈನ್' ಎಂದು ಹೆಸರು. ಲಂಡನ್, ಆಕ್ಸ್‌ಫರ್ಡ್, ವುಸ್ಟರುಗಳ ನಡುವೆ ಗಾಡಿಗಳು ನಿತ್ಯವೂ ಓಡುತ್ತವೆ. ಕಿಂಗಮ್ ಬಿಟ್ಟರೆ ಮುಂದಿನ ನಿಲುಗಡೆ ಮೋರ್ಟನ್-ಇನ್-ಮಾರ್ಷ್. ನಡುವೆ ಆಡಲ್‌ಸ್ಟ್ರಾಪ್ ಇದ್ದ ಜಾಗದಲ್ಲಿ ಕಟ್ಟಡವಿಲ್ಲ, ಪ್ಲಾಟ್‌ಫಾರಮಿನ ಗುರುತಿಲ್ಲ. ಗಾಡಿ ವೇಗವನ್ನೂ ತಗ್ಗಿಸುವುದಿಲ್ಲ.

ಒಂದೇ ಒಂದು ಸಲ ನಿಂತಿತು. 2014ರ ಜೂನ್ 24ರಂದು, ಥಾಮಸನ ಗಾಡಿ ನಿಂತ ದಿನಕ್ಕೆ ನೂರು ವರ್ಷ ತುಂಬಿದಾಗ, ಆ ಮಾರ್ಗದ ಅಭಿಮಾನಿಗಳು ವಿಶೇಷ ಗಾಡಿಯೊಂದನ್ನು ಮಾಡಿಸಿ, ಹಳೆಯ ಸ್ಟೇಷನ್ನಿದ್ದ ಜಾಗದಲ್ಲಿ ಅದನ್ನು ನಿಲ್ಲಿಸಿ, ಪದ್ಯವನ್ನು ಓದಿಸಿದರು.

ಹಾಗಾದರೆ ಸ್ಟೇಷನ್ನಿನದು ಏನೂ ಉಳಿದಿಲ್ಲವೆ? ಉಳಿದಿದೆ. ಊರಿನ ಹೆಸರಿದ್ದ ದೊಡ್ಡ ಹಲಗೆಯನ್ನೂ, ಪ್ಲಾಟ್‌ಫಾರಮಿನ ಬೆಂಚನ್ನೂ ಹಳ್ಳಿಯವರು ಗುಜರಿಗೆ ಹೋಗಲು ಬಿಡಲಿಲ್ಲ. ಗ್ರೇಟ್ ವೆಸ್ಟರ್ನ್ ಕಂಪನಿಯ ಕಾಫಿ ಮತ್ತು ಕೆನೆ ಬಣ್ಣದ ಆ ಹಲಗೆಯನ್ನು ತಂದು ಹಳ್ಳಿಯ ಬಸ್ ತಂಗುದಾಣದ ಒಳಗೆ ನಿಲ್ಲಿಸಿದ್ದಾರೆ. ಅದರ ಮುಂದೆ ಬೆಂಚು. ಬೆಂಚಿನ ಮೇಲೆ ಒಂದು ಫಲಕ, ಫಲಕದ ಮೇಲೆ ಪದ್ಯ. ಎಲ್ಲಿಂದಲೋ ಬಂದವರು ಅಲ್ಲಿ ಕುಳಿತು ಹದಿನಾರು ಸಾಲುಗಳನ್ನೂ ಓದಿಕೊಂಡು ಹೋಗುತ್ತಾರೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದವಳು, "ನಾನು ಯಾವಾಗಲಾದರೂ ಅಲ್ಲಿಗೆ ಹೋದರೆ ಕಿಟಕಿ ಪಕ್ಕದಲ್ಲೇ ಕೂರ್ತೀನಿ ತಾತ, ಹೆಸರು ಓದೋಕೆ" ಎಂದಳು.

"ಕಿಟಕಿಯಿಂದ ಹೆಸರು ಕಾಣುವುದಿಲ್ಲವಲ್ಲ ಮಗು. ಹಲಗೆ ಇರುವುದು ಬಸ್ ತಂಗುದಾಣದಲ್ಲಿ. ಕಿಂಗಮ್‌ನಲ್ಲಿ ಇಳಿದು ಮೂರು ಮೈಲಿ ಮುಂದಕ್ಕೆ ಹೋಗಬೇಕು."

"ಬಸ್ ಇದೆಯಾ?"

ಅವಳೇ ಫೋನಿನಲ್ಲಿ ಹುಡುಕತೊಡಗಿದಳು.